ಸೊನ್ನೆಗಿಂತ ಕೆಳಗೆ

೬ ಜನವರಿ, ಸೋಮವಾರ

ಅಂಗಡಿಗೆ ರಿಪೇರಿಗೆ ಮತ್ತೆ ಎರಡು ಇನ್ವರ್ಟರ್, ಒಂದು ಮಿಕ್ಸರ್. ಕುಷ್ಟಗಿಯಲ್ಲಿ ಯಾರ ಮನೆಯ ವಸ್ತುವೂ ಸುಮ್ಮನೆ ಇರುವುದಿಲ್ಲ. ಮಧ್ಯಾಹ್ನ ರೇಣುಕಕ್ಕನ ಮನೆಗೆ ಹೋಗಿ, ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಬ್ಯಾಟರಿಗೆ ನಾನೇ ಮಾಡಿದ ಮೀಟರ್ ಕೂಡಿಸಿದೆ. ಬ್ಯಾಟರಿಯೊಳಗೆ ಎಷ್ಟು ಕರೆಂಟ್ ಹೋಯಿತು, ಎಷ್ಟು ಹೊರಬಂತು, ಎರಡನ್ನೂ ತೋರಿಸಬೇಕು. ರೋಗ ಬಂದು ಅಕ್ಕನ ಕೋಳಿಗಳೆಲ್ಲ ಹೋದವು. ಉಳಿದದ್ದು ಪೆಟ್ಟಿಗೆಯಲ್ಲಿರುವ ಈ ಮೊಟ್ಟೆಗಳೇ. ಚಾರ್ಜ್ ಆಗುವಾಗ ಅಂಕಿ ಸರಿಯಾಗಿ ಏರಿತು. ಕರೆಂಟ್ ಹೋದಾಗ ಹೇಗೆ... ನೋಡದೆ ಬಂದೆ.

೯, ಗುರುವಾರ, ಸಂಜೆ

ಅಕ್ಕನ ಫೋನ್.

"ಶಮಾ, ಪೆಟಗಿ ತಣ್ಣಗಾಗೈತಿ! ಬ್ಯಾಟ್ರಿ ಬಂದ್ ಬಿದ್ದೈತಿ."

"ಕರೆಂಟ್ ಯಾವಾಗ ಹೋಗೇತ್ರಿ ಅಕ್ಕಾ? ಮೀಟರ್ ಏನ್ ತೋರಿಸ್ತು?"

"ಮುಂಜಾನಿಂದ ಇಲ್ಲವ್ವಾ. ಮೀಟರಿನ್ಯಾಗ ಸೊನ್ನಿ ಇತ್ತು. ಏನೂ ಖರ್ಚಾಗವಲ್ದು ಅಂತ ಟಿವಿನೂ ಅದಕ್ಕ ಹಚ್ಚಿದ್ದೆ."

ತಪ್ಪು ನನ್ನದೇ. ಬ್ಯಾಟರಿಯಿಂದ ಕರೆಂಟ್ ಹೊರಬರುವಾಗ ಸೆನ್ಸರಿನ ವೋಲ್ಟೇಜ್ ಮೈನಸ್. ಮೈಕ್ರೋಕಂಟ್ರೋಲರಿನಲ್ಲಿ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಓದುವುದು ಸೊನ್ನೆಯಿಂದ ಐದು ವೋಲ್ಟ್ ತನಕ ಮಾತ್ರ. ಮೈನಸ್ ಎಷ್ಟಿದ್ದರೂ ಸೊನ್ನೆ ಅನ್ನುತ್ತದೆ. ಡಿಪ್ಲೊಮಾದಲ್ಲಿ ಓದಿದ್ದೆ, ಆದರೂ— ಥೂ.

ಅಂಗಡಿಯ ಬ್ಯಾಟರಿ ಸ್ಕೂಟಿಯಲ್ಲಿಟ್ಟುಕೊಂಡು ಓಡಿದೆ. ಅಕ್ಕ ಮೊಟ್ಟೆಗಳನ್ನು ಕೌದಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬ್ಯಾಟರಿ ಹಚ್ಚಿ, ಪೆಟ್ಟಿಗೆ ಬೆಚ್ಚಗಾದ ಮೇಲೆ ಮತ್ತೆ ಒಳಗಿಟ್ಟೆವು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೧೦, ಶುಕ್ರವಾರ

ಮೀಟರ್ ಅಂಗಡಿಗೆ ತಂದೆ. ಬೋರ್ಡ್ ಬಿಚ್ಚಿದೆ. ಎರಡು ಸಮನಾದ ರೆಸಿಸ್ಟರ್ ಹಾಕಿ ಸೊನ್ನೆಯನ್ನೇ ಎರಡೂವರೆ ವೋಲ್ಟಿಗೆ ಎತ್ತಿದೆ. ಅದಕ್ಕಿಂತ ಮೇಲೆ ಹೋದರೆ ಪ್ಲಸ್, ಕೆಳಗಿಳಿದರೆ ಮೈನಸ್. ಅಂಗಡಿಯ ಯಜಮಾನರು, ಶಾಮೀದಚಾಚಾ, ಇಣುಕಿದರು.

"ಇಷ್ಟ ಏನವಾ ಕೆಲಸ?"

"ಇಷ್ಟರಿ ಚಾಚಾ."

ಇಷ್ಟೇ ಕೆಲಸ, ಸೋಮವಾರವೇ ಮಾಡಬಹುದಿತ್ತು.

೧೨, ಭಾನುವಾರ

ಸರಿಮಾಡಿದ ಮೀಟರ್ ಕೂಡಿಸಿದೆ. ಈ ಸಲ ಮೇನ್ ಸ್ವಿಚ್ ಆರಿಸಿ ನೋಡಿದೆ, ನಾಲ್ಕು ಸಲ. ಮೈನಸ್ ತೋರಿಸಿತು. ಮೊಟ್ಟೆಗಳಿಗೆ ಟಾರ್ಚ್ ಹಿಡಿದು ಜೀವ ಇದೆಯೋ ನೋಡೋಣ ಅಂದೆ. ಅಕ್ಕ ಕೈ ಹಿಡಿದರು.

"ಬ್ಯಾಡ. ಸತ್ತಿದ್ರ ಇವತ್ತ ಯಾಕ ಗೊತ್ತಾಗಬೇಕು?"

೧೭, ಶುಕ್ರವಾರ, ಮುಂಜಾನೆ

ಮೊಟ್ಟೆ ಒಡೆದು ಮರಿ ಬರುವ ದಿನ. ಅಂಗಡಿಗೆ ಹೋಗಿಲ್ಲ. ಎದ್ದು ಕೂತು, ಎದ್ದು ಕೂತು ಸಾಕಾಗಿ ಅಕ್ಕನ ಮನೆಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಈಗಷ್ಟೇ ಕರೆಂಟ್ ಹೋಯಿತು. ಮೀಟರಿನಲ್ಲಿ ಮೈನಸ್ ಬಂದದ್ದೇ ತಡ, ಅಕ್ಕ ತಾವೇ ಹೋಗಿ ಟಿವಿ ಪಿನ್ ಕಿತ್ತು ಬಂದರು.

ಪೆಟ್ಟಿಗೆಯೊಳಗೆ ಸದ್ದಿಲ್ಲ. ಇನ್ನೂ ಇಲ್ಲ. ನನ್ನಿಂದಲೇ ಹೋದವೇನೋ ಇವು, ಅಕ್ಕನ ಮುಖ ಹೇಗೆ ನೋಡಲಿ...

"ಶಮಾ, ಬರಿಯೂದ ಬಿಡು. ಇಲ್ಲಿ ಕಿವಿ ಹಚ್ಚು."

ಹಚ್ಚಿದೆ. ಒಳಗೆ ಯಾವುದೋ ಒಂದು ಮೊಟ್ಟೆ ಟಕ್ ಅಂದಿತು, ಕೊಕ್ಕಿನಿಂದ ಕುಟ್ಟಿದ ಹಾಗೆ.