ಜಿಂಬಾ ಆದ ಮೇಲೆ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಮತ್ತೆ ವಿಪತ್ತು ಯೋಜನೆ ಕಮಿಟಿ. ಮೂರನೆಯ ಕರಡು. ಎರಡು ಗಂಟೆ ಕೂತು ಬೆನ್ನು ಹಿಡಿದುಕೊಂಡಿತು. ಸೈಕ್ಲೋನ್ ಬಂದರೆ ಯೂನಿವರ್ಸಿಟಿಯಲ್ಲಿ ಯಾರು ಏನು ಮಾಡಬೇಕು ಎಂಬ ವಿಷಯ. ಎಸ್ಟೇಟ್ ವಿಭಾಗಕ್ಕೆ ಪಂಪು, ಕ್ಲಿನಿಕ್ಕಿಗೆ ಸ್ಟ್ರೆಚರು. ಫೈನಾನ್ಸಿಗೆ, ಅಂದರೆ ನನಗೆ, ಎರಡು ಕೆಲಸ. ಜನರೇಟರಿನ ಡೀಸೆಲ್ಲಿಗೆ ತುರ್ತು ಹಣ ಇಟ್ಟಿರುವುದು — ಅದು ಹಳೆಯದೇ. ಎರಡನೆಯದು ಹೊಸದು. ಆಡಳಿತ ಕಟ್ಟಡ ಖಾಲಿಯಾದ ಮೇಲೆ ಮೈದಾನದಲ್ಲಿ ನಿಂತು ಹಾಜರಿ ಕೂಗುವುದು.

"ಅದು ಸೆಕ್ಯುರಿಟಿಯವರ ಕೆಲಸ ಅಲ್ವಾ?" ಅಂದೆ.

ಸೇಫ್ಟಿ ಆಫೀಸರ್ ನಮಲೊಂಬಾ ನಕ್ಕ. ಪೊಲೀಸಿನಿಂದ ರಿಟೈರ್ ಆಗಿ ಬಂದವನು, ದನಿ ಮಾತ್ರ ಇನ್ನೂ ರಿಟೈರ್ ಆಗಿಲ್ಲ. "ಕಲುವಾ ಬ್ವಾನಾ, ಸೆಕ್ಯುರಿಟಿಯವರ ಲಿಸ್ಟಲ್ಲಿ ಹೋದ ವರ್ಷ ತೀರ್ಕೊಂಡೋರೂ ದಿನಾ ಡ್ಯೂಟಿಗೆ ಬರ್ತಾರೆ. ತಿಂಗಳಾ ತಿಂಗಳಾ ಸರಿಯಾಗಿರೋ ಲಿಸ್ಟು ಅಂದ್ರೆ ನಿಮ್ಮ ಸಂಬಳದ್ದು ಒಂದೇ. ನೀವು ಕೂಗಿದ್ರೆ ಯಾರೂ ತಪ್ಪಲ್ಲ."

ಒಳಗೊಳಗೆ ಹಿಗ್ಗಿದ್ದು ನಿಜ. ಹಳದಿ ಜಾಕೆಟ್ಟು, ಮೆಗಾಫೋನು ಕೊಟ್ಟು ಕಳಿಸಿದರು. ಜಾಕೆಟ್ಟು ಹೊಟ್ಟೆಯ ಹತ್ತಿರ ಕೂಡುವುದಿಲ್ಲ.

ಹತ್ತಕ್ಕೆ ಎನೆಲೆಸಿ ಚಹಾ, ಎರಡು ಮಾಂಡಾಸಿ ತಂದಳು. ಕರಿದ ಹಿಟ್ಟಿನುಂಡೆ, ಎಣ್ಣೆಯ ಬಿಸಿ ಇನ್ನೂ ಆರಿರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬ್ವಾನಾ, ಹೀಗೇ ರಸ್ತೆಗೆ ಹೋಗ್ಬೇಡಿ. ಮಿನಿಬಸ್ ಕಂಡಕ್ಟರ್ ಅಂತ ಜನ ಕಾಸು ಕೊಡ್ತಾರೆ" ಅಂದಳು. ಹನ್ನೊಂದು ವರ್ಷದಿಂದ ದಿನಗೂಲಿಯಲ್ಲಿ ನಮ್ಮ ಕಟ್ಟಡ ಗುಡಿಸುವವಳು. ಹತ್ತಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಚಹಾ. ಅವಳ ಕೆಲಸದಲ್ಲಿ ಇಲ್ಲದ್ದು. ಯಾರೂ ಹೇಳಿದ್ದಲ್ಲ. ಅವಳಿಗೆ ನಾನು ಬ್ವಾನಾ, ಯಜಮಾನ; ನನಗೆ ಅವಳು ಅಮಾಯಿ, ತಾಯಿ.

ಫೆಬ್ರವರಿ 11

ಮೊದಲ ಡ್ರಿಲ್. ಮಾನ ಹೋಯಿತು.

ಸೈರನ್ ಕೆಟ್ಟಿತ್ತು. ಮಾವಿನ ಮರಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡನ್ನು ನಮಲೊಂಬಾ ಬಡಿದ. ಜನ ಹಾಳುಹರಟೆ ಹೊಡೆಯುತ್ತ ಮೈದಾನಕ್ಕೆ ಬಂದರು. ಕಾಯಂ ನೌಕರರು ನಲವತ್ತೊಂದು, ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ. ಕೊನೆಯ ಹೆಸರು, ಝಡ್ ಅಕ್ಷರದ್ದು, ಡ್ರೈವರ್ ಜಿಂಬಾ. ಅಲ್ಲಿಯವರೆಗೆ ಸುಸೂತ್ರ. ಜಿಂಬಾ ಆದ ಮೇಲೆ ಎರಡನೆಯ ಹಾಳೆ — ದಿನಗೂಲಿಯವರು ಹದಿನೇಳು ಜನ. ಅಲ್ಲಿಂದ ಸಂತೆ. ಎನೆಲೆಸಿ ಎಂಬ ಹೆಸರಿನವರೇ ಮೂವರು, ಒಂದು ಸಲ ಕೂಗಿದರೆ ಮೂವರೂ ಓಗೊಟ್ಟರು. ಇಬ್ಬರಿಗೆ ಹಾಳೆಯಲ್ಲಿ ಒಂದು ಹೆಸರು, ಊರಲ್ಲಿ ಒಂದು ಹೆಸರು. ನಮ್ಮ ಎನೆಲೆಸಿ, "ಇದೀನಿ ಬ್ವಾನಾ, ನನ್ನ ಕೆಟಲ್ಲೂ ಇದೆ" ಅಂತ ಅದನ್ನು ಎತ್ತಿ ತೋರಿಸಿದಳು. ಎಲ್ಲರೂ ನಕ್ಕರು.

ಹನ್ನೊಂದು ನಿಮಿಷ. ಐದರೊಳಗೆ ಮುಗಿಯಬೇಕಂತೆ. "ಹನ್ನೊಂದು ನಿಮಿಷದಲ್ಲಿ ನನ್ನಜ್ಜಿ ಕೋಳಿ ಕುಯ್ದು, ಎನ್ಸಿಮಾ ಮುದ್ದೆ ತೊಳಸಿ, ಬಡಿಸ್ತಿದ್ಲು" ಅಂದ ನಮಲೊಂಬಾ, ಎಲ್ಲರೆದುರು, ನನ್ನದೇ ಮೆಗಾಫೋನಿನಲ್ಲಿ.

ಫೆಬ್ರವರಿ 13

ಉಪಾಯ ಸಿಕ್ಕಿತು. ಈ ತಿಂಗಳಿಂದ ಗುಡಿಸುವವರೆಲ್ಲ ಕಾಂಟ್ರಾಕ್ಟರಿನ ಕೆಳಗೆ. ನಮ್ಮವರಲ್ಲ. ಅವರ ಹಾಜರಿ ಅವನೇ ಕೂಗಬೇಕು. ಎರಡನೆಯ ಹಾಳೆ ತೆಗೆದುಹಾಕಿದೆ. ಲಿಸ್ಟು ಈಗ ಒಂದೇ ಪುಟ, ನೋಡಲು ಚೆಂದ.

ಕಾಂಟ್ರಾಕ್ಟರಿಗೆ ಪತ್ರ — ನಿಮ್ಮ ಹದಿನೇಳು ಜನರನ್ನು ಲೆಕ್ಕ ಹಾಕಲು ನಿಮ್ಮ ಕಡೆಯವರೊಬ್ಬರನ್ನು ನೇಮಿಸಿ ಎಂದು. ಗುಮಾಸ್ತೆ ಮರ್ವಿಸ್ ಟೈಪ್ ಮಾಡಿ ತಂದಳು. ಎರಡನೇ ಪ್ಯಾರಾದಲ್ಲಿ ಒಂದು ವಾಕ್ಯ ನೆಟ್ಟಗಿಲ್ಲ. ಸಹಿ ಹಾಕಲಿಲ್ಲ. ನಾಳೆ ನೋಡೋಣ.

ಫೆಬ್ರವರಿ 26

ಎರಡನೆಯ ಡ್ರಿಲ್. ನಾಲ್ಕು ನಿಮಿಷ ಹತ್ತು ಸೆಕೆಂಡ್.

ರಿಜಿಸ್ಟ್ರಾರ್ ಮೇಡಂ ಕೈ ಕುಲುಕಿದರು. ಉಳಿದ ವಿಭಾಗಗಳು ಫೈನಾನ್ಸನ್ನು ನೋಡಿ ಕಲಿಯಬೇಕಂತೆ. ನಮಲೊಂಬಾನ ಮುಖ ನೋಡುವ ಹಾಗಿತ್ತು.

ಎನೆಲೆಸಿ ಪೊರಕೆ ಹಿಡಿದು ಮರದ ಕೆಳಗೆ ಒಬ್ಬಳೇ ನಿಂತಿದ್ದಳು. ವಾಪಸ್ ಬರುವಾಗ ಪಕ್ಕದಲ್ಲೇ ನಡೆದು ಬಂದಳು.

"ಬ್ವಾನಾ, ಜಿಂಬಾ ಆದ್ಮೇಲೆ ನಮ್ಮನ್ನ ಕೂಗ್ಲೇ ಇಲ್ವಲ್ಲ. ನಾನು ಬದುಕಿದೀನಾ, ಸತ್ತಿದೀನಾ?"

"ನಿಮ್ಮನ್ನ ಕಾಂಟ್ರಾಕ್ಟರ್ ಕೂಗ್ತಾನೆ, ಅಮಾಯಿ."

"ಅವ್ನು ಸಂಬಳಕ್ಕೇ ಕೂಗ್ಲಿಲ್ಲ, ಇನ್ನು ಇದಕ್ಕೆ ಕೂಗ್ತಾನಾ?"

ನಕ್ಕೆ. ಅವಳೂ ನಕ್ಕಳು. ಪತ್ರ ಇನ್ನೂ ಟ್ರೇಯಲ್ಲೇ ಇದೆ ಎಂಬುದು ಆಗ ನೆನಪಾಯಿತು. ನಾಳೆ.

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ 9:50

ನಾಲ್ಕನೆಯ ದಿನವೂ ಮಳೆ ಬಿಟ್ಟಿಲ್ಲ. ರೇಡಿಯೋದಲ್ಲಿ ಸೈಕ್ಲೋನ್ ಮೊಜಾಂಬಿಕ್ ದಾಟಿ ಇತ್ತ ತಿರುಗಿದೆ ಅಂದರು. ಕ್ಲಾಸು ರದ್ದು, ಆಫೀಸು ಇದೆ. ಗುಡ್ಡದ ಕಡೆಯ ಸ್ಟೋರ್ ರೂಮಿನಲ್ಲಿ ನೆಲದ ಮೇಲೆ ನೀರು. ಹಳೆಯ ಸಂಬಳದ ರಿಜಿಸ್ಟರುಗಳೆಲ್ಲ ಅಲ್ಲೇ, ನೆಲದಲ್ಲಿ. ಗುಡಿಸುವವರಲ್ಲಿ ಇವತ್ತು ಬಂದವಳು ಎನೆಲೆಸಿ ಒಬ್ಬಳೇ. ಎಲ್ಲವನ್ನೂ ಎತ್ತಿ ಮೇಜಿನ ಮೇಲೆ ಒಟ್ಟಲು ಹೇಳಿದೆ. ಒಂದೂ ನೆನೆಯಬಾರದು ಅಂದೆ. "ಚಹಾ ಸ್ವಲ್ಪ ತಡ ಆಗುತ್ತೆ ಹಾಗಾದ್ರೆ, ಬಯ್ಕೋಬೇಡಿ" ಅಂತ ಹೋದಳು.

ಅದೇ ದಿನ, ಮಧ್ಯಾಹ್ನ 1:30. ಲೈಬ್ರರಿಯಲ್ಲಿ ಕೂತು

ಹತ್ತೂ ನಲವತ್ತಕ್ಕೆ ಗುಡ್ಡ ಜಾರಿತು. ಸದ್ದು ಮೊದಲು, ಆಮೇಲೆ ಮಣ್ಣು. ಕಟ್ಟಡದ ಹಿಂಭಾಗ ಕುಸಿದು ಕೂತಿದೆ. ನಮಲೊಂಬಾ ಕಂಬಿ ಬಡಿದ. ಎಲ್ಲರೂ ಓಡಿದೆವು. ಮಳೆಯಲ್ಲಿ ನಿಂತು ಕೂಗಿದೆ. ನಲವತ್ತೊಂದು ಹೆಸರು, ನಲವತ್ತೊಂದು ಓ. ಜಿಂಬಾ ಆದ ಮೇಲೆ ಒಂದು ಕ್ಷಣ ತಡೆದೆ, ಗಡಿಯಾರ ನೋಡಲು. ಮೂರು ನಿಮಿಷ ಐವತ್ತು ಸೆಕೆಂಡ್. "ಎಲ್ಲರೂ ಇದ್ದಾರೆ" ಅಂತ ಕೂಗಿ ಫಾರಂಗೆ ಸಹಿ ಹಾಕಿಕೊಟ್ಟೆ.

ಸೈನಿಕರು ಸನಿಕೆ ಹಿಡಿದು ಬಂದಿದ್ದರು. ಫಾರಂ ನೋಡಿ ನಮ್ಮ ಕಟ್ಟಡ ಬಿಟ್ಟು ಹುಡುಗಿಯರ ಹಾಸ್ಟೆಲಿಗೆ ಹೋದರು. ಅಲ್ಲೂ ಗುಡ್ಡ ಜಾರಿ ಒಂಬತ್ತು ಜನ ಸಿಕ್ಕಿಲ್ಲ. ನಿಮ್ಮಿಂದ ಸಮಯ ಉಳಿಯಿತು ಅಂದ ಅವರ ಕ್ಯಾಪ್ಟನ್. ನಮಲೊಂಬಾ ಕೂಡ ಭುಜ ತಟ್ಟಿದ.

4:10

ಚಹಾ ಬಂದಿಲ್ಲ.

ಮಾರ್ಚ್ 23, ಭಾನುವಾರ

ಒಂಬತ್ತು ದಿನ ಈ ಪುಸ್ತಕ ಮುಟ್ಟಲಿಲ್ಲ.

ಅವತ್ತು ಲೈಬ್ರರಿಯಿಂದ ಹಾಸ್ಟೆಲಿನವರೆಗೆ ಓಡಿದೆ. ಐವತ್ತಮೂರು ವಯಸ್ಸಿಗೆ ಅಷ್ಟು ಓಡಿದ್ದು ನನಗೇ ಆಶ್ಚರ್ಯ. ಎನೆಲೆಸಿ ಸ್ಟೋರ್ ರೂಮಿನಲ್ಲಿದ್ದಾಳೆ ಅಂದೆ ನಮಲೊಂಬಾಗೆ. ನಾನು ಸಹಿ ಹಾಕಿದ ಫಾರಂ ಜೇಬಿನಿಂದ ತೆಗೆದು ನೋಡಿದ, ಮತ್ತೆ ಜೇಬಿಗಿಟ್ಟ. ನಾಲ್ವರು ಸೈನಿಕರನ್ನು ಕರೆದುಕೊಂಡು ಬಂದ. ಅವನೇ ಕೈಯಿಂದ ಮಣ್ಣು ತೋಡಿದ. ಆರಕ್ಕೆ ಐದು ನಿಮಿಷ ಇದ್ದಾಗ ಸಿಕ್ಕಳು. ಜೀವ ಇತ್ತು. ರಿಜಿಸ್ಟರು ಒಟ್ಟಿದ್ದ ಮೇಜು ತೊಲೆಯನ್ನು ತಡೆದು ನಿಂತಿತ್ತು, ತಲೆ ಅದರಡಿ ಉಳಿದಿತ್ತು. ಎಡಗಾಲು ಹೊರಗೆ, ತೊಲೆಯ ಕೆಳಗೆ. ಏಳು ಗಂಟೆಗಿಂತ ಹೆಚ್ಚು ಹೊತ್ತು.

ಕಾಲು ತೆಗೆದರು. ಮಂಡಿಯ ಮೇಲಕ್ಕೆ. ಡಾಕ್ಟರನ್ನು ನಾನೇ ಕೇಳಿದೆ, ಕೇಳದೆ ಇರಬಹುದಿತ್ತು. "ಮಧ್ಯಾಹ್ನದೊಳಗೆ ತಂದಿದ್ರೆ ಉಳಿಸ್ತಿದ್ವಿ ಅನ್ಸುತ್ತೆ" ಅಂದರು.

ಇವತ್ತು ಆಸ್ಪತ್ರೆಗೆ ಹೋದೆ. ಕಿತ್ತಳೆ ತೆಗೆದುಕೊಂಡು. ಹೆಂಡತಿ ನ್ಯಾಗೊಂಡ್ವೆ ಗಂಜಿ ಮಾಡಿ ಫ್ಲಾಸ್ಕಿಗೆ ಹಾಕಿಕೊಟ್ಟಿದ್ದಳು. ವಾರ್ಡಿನಲ್ಲಿ ಎನೆಲೆಸಿಯ ಮಗಳು ಫೈನೆಸ್, ಬೆನ್ನಿಗೆ ಕೂಸು ಕಟ್ಟಿಕೊಂಡೇ, ನನ್ನನ್ನು ಕಂಡಿದ್ದೇ ಮೊಣಕಾಲೂರಿ ಕೂತಳು. ಎರಡೂ ಕೈ ಮೆಲ್ಲಗೆ ತಟ್ಟಿ ತಲೆ ಬಗ್ಗಿಸಿದಳು. "ಬ್ವಾನಾ, ಯಾರಿಗೂ ನೆನಪಿಲ್ದೇ ಇದ್ದಾಗ ನೀವು ನೆನಪಿಟ್ಕೊಂಡ್ರಿ. ನಮ್ಮಮ್ಮನ್ನ ಉಳಿಸಿಕೊಟ್ರಿ." ಅಕ್ಕಪಕ್ಕದ ಮಂಚದವರೂ ನನ್ನನ್ನು ನೋಡಿ ತಲೆಯಾಡಿಸಿದರು. ಏಳಮ್ಮಾ ಅಂದೆ.

ಎನೆಲೆಸಿ ಸೊರಗಿದ್ದಾಳೆ. ಮಾತು ಮಾತ್ರ ಹಾಗೇ.

"ರಿಜಿಸ್ಟರು ನೆಂದ್ವಾ, ಬ್ವಾನಾ?"

"ಬಿಡಿ ಅಮಾಯಿ, ಅದನ್ಯಾಕೆ."

"ಅಲ್ಲ, ಇಷ್ಟೆಲ್ಲಾ ಆಗಿ ಅವೂ ನೆಂದ್ರೆ ನೀವು ನನ್ನನ್ನ ಸುಮ್ನೆ ಬಿಡ್ತೀರಾ?" ಆಮೇಲೆ, "ನಿಮ್ಮ ದನಿ ಕೇಳಿಸ್ತಿತ್ತು. ಆ ತುತ್ತೂರಿಲಿ ಕೂಗ್ತಿದ್ರಲ್ಲ. ಎಲ್ಲರ ಹೆಸರೂ ಕೇಳಿಸ್ತು."

"ಮತ್ತೆ ನೀವು ಕೂಗ್ಲಿಲ್ವಾ?"

"ಎದೆ ಮೇಲೆಲ್ಲಾ ಮಣ್ಣು. ಒಂದು ಸಲ ಕೂಗೋಷ್ಟೇ ಉಸಿರಿದ್ದಿದ್ದು. ಇನ್ನೊಬ್ರ ಹೆಸರಿಗೆ ಓಗೊಟ್ರೆ ನಿಮ್ಮ ಲೆಕ್ಕ ತಪ್ಪುತ್ತೆ, ಆವತ್ತಿನ ಥರ ಆಗುತ್ತೆ. ನನ್ನ ಹೆಸರು ಬರ್ಲಿ ಅಂತ ಕಾದೆ."

ಕಿತ್ತಳೆ ಸುಲಿದುಕೊಟ್ಟೆ.

ಆ ಗಡಿಬಿಡಿಯಲ್ಲಿ ನನಗೆ ನೆನಪಾಗಲಿಲ್ಲ. ನಮಲೊಂಬಾಗೆ ಹಾಗೇ ಹೇಳಿದ್ದೇನೆ. ನ್ಯಾಗೊಂಡ್ವೆಗೂ. ನಾಲ್ಕು ಗಂಟೆಯವರೆಗೆ ನೆನಪಾಗಲಿಲ್ಲ.

ಮಾರ್ಚ್ 31

ವಿಚಾರಣಾ ಸಮಿತಿ ಗುರುವಾರ. ರಿಜಿಸ್ಟ್ರಾರ್ ಮೇಡಂ ಕರೆಸಿದರು. ಚಹಾ ಕೊಟ್ಟರು, ಕುಡಿಯಲಾಗಲಿಲ್ಲ.

"ಇದು ಕಾಂಟ್ರಾಕ್ಟರಿನ ತಪ್ಪು. ಅವರ ಜನರ ಲಿಸ್ಟು ಅವರೇ ಇಡಬೇಕಿತ್ತು. ನೀವು ಮುಂಚೇನೇ ತಿಳಿಸಿದ್ರಿ ಅಲ್ವಾ?"

"ಪತ್ರ ತಯಾರಾಗಿತ್ತು, ಮೇಡಂ" ಅಂದೆ. ಸುಳ್ಳಲ್ಲ. ಎಂಥಾ ಮಾತು ಹುಡುಕಿದೆ ನಾನು.

"ಹಾಗಾದ್ರೆ ಆಯ್ತಲ್ಲ. ಯೂನಿವರ್ಸಿಟಿ ಮೇಲೆ ಏನೂ ಬರಲ್ಲ."

ಏನೂ ಬರಲ್ಲ ಅಂದರೆ ಎನೆಲೆಸಿಗೂ ಏನೂ ಬರಲ್ಲ. ತಪ್ಪು ನಮ್ಮದಾದರೆ ಕೃತಕ ಕಾಲು, ಕೂತು ಮಾಡುವ ಒಂದು ಕಾಯಂ ಕೆಲಸ ನಾವು ಕೊಡಬೇಕು. ತಪ್ಪು ಕಾಂಟ್ರಾಕ್ಟರಿನದಾದರೆ — ಅವನಿಗಿರುವುದು ಒಂದು ಪಿಕಪ್ಪು, ಸ್ವಿಚ್ ಆಫ್ ಆದ ಒಂದು ಫೋನು. ಇದು ನನಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ.

ಸಂಜೆ ಮರ್ವಿಸ್ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಬಂದಳು. ಕೈಯಲ್ಲಿ ರವಾನೆ ಪುಸ್ತಕ. "ಸರ್, ಫೆಬ್ರವರಿ ಹದಿಮೂರರ ಕೆಳಗೆ ಒಂದು ಗೆರೆ ಖಾಲಿ ಇದೆ. ನಾನು ಬರೀಬಲ್ಲೆ. ಆ ಪತ್ರಕ್ಕೆ ನೀವೊಂದು ಸಹಿ ಹಾಕಿ ಸಾಕು." ನನ್ನ ಮೇಲಿನ ಪ್ರೀತಿಗೇ ಹೇಳಿದ್ದು, ಪಾಪ. ಅವಳ ಮದುವೆಗೆ ರಜೆ ಕೊಟ್ಟವನು ನಾನು.

ಬೇಡ ಅನ್ನಬೇಕಿತ್ತು. ನಾಳೆ ನೋಡೋಣ ಅಂದೆ.

ಅವಳು ಹೋದ ಮೇಲೆ ಪತ್ರ ಟ್ರೇಯಿಂದ ತೆಗೆದೆ. ಎರಡನೇ ಪ್ಯಾರಾ ಓದಿದೆ. ವಾಕ್ಯ ಸರಿಯಾಗಿಯೇ ಇತ್ತು. ಸಹಿ ಹಾಕಿ ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಬೀಗ ಯಾಕೆ ಹಾಕಿದೆನೋ.

ಏಪ್ರಿಲ್ 2, ಬುಧವಾರ

ತಡೆಯಲಾಗಲಿಲ್ಲ. ಆಸ್ಪತ್ರೆಗೆ ಹೋದೆ. ಫೈನೆಸ್ ನೀರು ತರಲು ಹೋಗಿದ್ದಳು, ಒಳ್ಳೆಯದಾಯಿತು. ಅವಳು ಮತ್ತೆ ಮೊಣಕಾಲೂರಿದ್ದರೆ ನಾನು ಅಲ್ಲಿಂದಲೇ ವಾಪಸ್.

ಎನೆಲೆಸಿಗೆ ಎಲ್ಲ ಹೇಳಿದೆ. ಎರಡನೇ ಹಾಳೆ ತೆಗೆದದ್ದು, ಹೋಗದ ಪತ್ರ, ರವಾನೆ ಪುಸ್ತಕದ ಖಾಲಿ ಗೆರೆ. "ನಾನು ನಿಮ್ಮನ್ನ ಉಳಿಸ್ಲಿಲ್ಲ, ಅಮಾಯಿ. ಕೂಗಬೇಕಾದಾಗ ನನಗೆ ನೆನಪಾಗ್ಲಿಲ್ಲ" ಅಂದೆ.

ಅವಳು ಚಾದರದ ಅಂಚು ಮಡಚುತ್ತಿದ್ದಳು. ಕಾಲಿಲ್ಲದ ಕಡೆ ಚಾದರ ಚಪ್ಪಟೆ. ನನ್ನ ಮುಖ ನೋಡಲಿಲ್ಲ.

"ನೆನಪಾಯ್ತು, ಬ್ವಾನಾ."

"ಏನು?"

"ಜಿಂಬಾ ಇದೀನಿ ಅಂದ. ಆಮೇಲೆ ನೀವು ಸುಮ್ಮನಾದ್ರಿ. ತುತ್ತೂರಿ ಆನಲ್ಲೇ ಇತ್ತು, ನಿಮ್ಮ ಉಸಿರು ಕೇಳಿಸ್ತಿತ್ತು. ಜಿಂಬಾ ಆದ್ಮೇಲೆ ನಾವು ತಾನೇ? ಈಗ ನಂದು ಬರುತ್ತೆ ಅಂತ ಇದ್ದ ಉಸಿರೆಲ್ಲಾ ಒಟ್ಟು ಮಾಡ್ಕೊಂಡೆ." ಚಾದರ ಬಿಡಿಸಿ ಮತ್ತೆ ಮಡಚಿದಳು. "ಎಲ್ಲರೂ ಇದ್ದಾರೆ ಅಂದ್ರಿ."

ಸ್ಟೂಲು ಮಂಚದ ಹತ್ತಿರಕ್ಕೆ ಎಳೆದುಕೊಂಡೆ.

"ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ? ಮಗಳು ನನಗೆ ಮೊಣಕಾಲೂರಿದ್ಲಲ್ಲ."

"ನೀವೇ ಹೇಳ್ತೀರೇನೋ ಅಂತ ಕಾದೆ" ಅಂದಳು. "ಕಾಯೋದು ನನಗೆ ಅಭ್ಯಾಸ ಆಗಿದೆ."

ಫೈನೆಸ್ ಬಂದಳು. ನನ್ನನ್ನು ಕಂಡು ಬಕೆಟ್ಟು ಕೆಳಗಿಟ್ಟು ಮೊಣಕಾಲೂರಲು ಹೋದಳು. "ಬೇಡ, ಏಳೇ" ಅಂದಳು ಎನೆಲೆಸಿ. ಅಷ್ಟೇ. ಕಾರಣ ಹೇಳಲಿಲ್ಲ.

ಏಪ್ರಿಲ್ 3, ಬೆಳಿಗ್ಗೆ 6:40

ಸಮಿತಿ ಒಂಬತ್ತಕ್ಕೆ. ಆಫೀಸಿಗೆ ಬೇಗ ಬಂದೆ. ಪತ್ರ ಹರಿದು ಬುಟ್ಟಿಗೆ ಹಾಕಿದೆ. ರವಾನೆ ಪುಸ್ತಕದ ಖಾಲಿ ಗೆರೆಗೆ ಅಡ್ಡ ಗೀಟು ಎಳೆದು ಸಹಿ ಮಾಡಿದೆ, ಮರ್ವಿಸ್ ಸಿಕ್ಕಿಹಾಕಿಕೊಳ್ಳದಿರಲಿ ಅಂತ. ನ್ಯಾಗೊಂಡ್ವೆಗೆ ಬೆಳಿಗ್ಗೆಯೇ ಹೇಳಿದೆ, ಈ ಕೆಲಸ ಉಳಿಯುವುದು ಅನುಮಾನ ಅಂತ. ಅವಳು ಕೇಳಿದ್ದು ಒಂದೇ, ನಿಜವಾಗಿ ನೆನಪಾಗಿತ್ತಾ ಅಂತ. ಬ್ಯಾಗು ಎತ್ತಿಕೊಂಡು ಬಂದುಬಿಟ್ಟೆ.

ಹೇಳಿಕೆ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಬೇಕು. ಅದಕ್ಕೆ ಮೊದಲು ಇಲ್ಲಿ ಒಂದು ಸಲ ಸರಿಯಾಗಿ ಬರೆದು ನೋಡುತ್ತೇನೆ. ಹದಿನಾಲ್ಕನೇ ತಾರೀಖಿನ ಪುಟದಲ್ಲಿ ಬರೆದದ್ದು ಸುಳ್ಳು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ.

ಜಿಂಬಾ ಆದ ಮೇಲೆ ತಡೆದೆ. ಗಡಿಯಾರ ನೋಡಲು ಅಲ್ಲ. ಗಡಿಯಾರ ನೋಡಿದ್ದು ಆಮೇಲೆ. ಮೊದಲು ನೋಡಿದ್ದು ಮರದ ಕೆಳಗೆ, ಅವಳು ನಿಲ್ಲುತ್ತಿದ್ದ ಜಾಗ. ಅಲ್ಲಿ ಯಾರೂ ಇರಲಿಲ್ಲ. ಸ್ಟೋರ್ ರೂಮಿಗೆ ಕಳಿಸಿದವನು ನಾನೇ ಎಂಬುದೂ ನೆನಪಿತ್ತು. ಕಾಂಟ್ರಾಕ್ಟರ್ ಕೂಗಿರುತ್ತಾನೆ ಅಂದುಕೊಂಡೆ — ಇಲ್ಲ, ಅದೂ ಅಂದುಕೊಳ್ಳಲಿಲ್ಲ. ನಾಲ್ಕು ನಿಮಿಷಕ್ಕೆ ಇನ್ನೂ ಹತ್ತು ಸೆಕೆಂಡ್ ಇತ್ತು. ಅವಳ ಹೆಸರು ಬಾಯಿಗೆ ಬಂದಿತ್ತು. ನಾನು ಅದನ್ನು ನುಂಗಿ ಗಡಿಯಾರ ನೋಡಿದೆ.