ನಾಯಿಕೂದಲು

ಡೊಂಬಿವಲಿ,
ಮಾರ್ಚ್ 2019

ಹಿತೇಶ್,

ನಿನ್ನ ಕಸ ಹೀರುವ ರೋಬೋಟನ್ನು ಬಾಕ್ಸಿಗೆ ಹಾಕಿ ಕಟ್ಟಿದ್ದೇನೆ. ಶನಿವಾರ ನಿನ್ನ ಮಾವ ಅದನ್ನು ಠಾಣೆ ಸ್ಟೇಷನ್ನಿಗೆ ತರುತ್ತಾರೆ. ನೀನು ಖಾರಘರದಿಂದ ಅಲ್ಲಿಯವರೆಗೆ ಬಂದರೆ ಸಾಕು, ಮನೆಗೆ ಬರುವುದು ಬೇಡ.

ನಮ್ಮ ಮನೆಯಲ್ಲಿ ಆ ಮೆಷಿನ್ ಬಗ್ಗೆ ನೀನು ಮಾಡಿದ ಯೂಟ್ಯೂಬ್ ವಿಡಿಯೋವನ್ನು ನನಗಿಂತ ಮೊದಲು ಕಾರ್ಕಳದಲ್ಲಿ ನಿನ್ನ ಅಮ್ಮ ನೋಡಿದರು. "ಎಂಥದು ಮಾರಾಯ್ತಿ, ಇಷ್ಟು ಕಸದಲ್ಲಾ ನನ್ನ ಮಗನನ್ನು ಇಟ್ಟುಕೊಂಡು ಓದಿಸಿದ್ದು?" ಎಂದು ಫೋನಿನಲ್ಲಿ ಕೇಳಿದರು.

ವಿಡಿಯೋದಲ್ಲಿ ನೀನು "ಅತ್ತೆ ಈಗಷ್ಟೇ ಗುಡಿಸಿದ ಕಾರ್ಪೆಟ್. ಪೊರಕೆ ಬಿಟ್ಟದ್ದು ಎಷ್ಟು, ನೋಡಿ" ಎಂದು ಮೆಷಿನ್ನಿನ ಡಬ್ಬಿಯನ್ನು ಬಗ್ಗಿಸಿ ತೋರಿಸಿದ್ದೀಯಲ್ಲ, ಅದರಿಂದ ಬಿದ್ದದ್ದು ಬಿಳಿ ನಾಯಿಕೂದಲು. ನಮ್ಮಲ್ಲಿ ನಾಯಿ ಎಲ್ಲಿದೆ? ನಾಯಿ ಇರುವುದು ಕೆಳಗಿನ ಮನೆಯ ಮಾನಸಿಯ ಹತ್ತಿರ. ನೀನು ಕವರಿನಲ್ಲಿ ಕೂದಲು ಕೇಳಿ ತೆಗೆದುಕೊಂಡು ಹೋದದ್ದನ್ನು ಅವಳೇ ನಗುತ್ತಾ ಹೇಳಿದಳು.

ಮೆಷಿನ್ ಕೆಟ್ಟದ್ದಲ್ಲ. ಟೈಲ್ಸ್ ಮೇಲೆ ಚೆನ್ನಾಗಿಯೇ ಓಡುತ್ತದೆ. ಆದರೆ ಕಾರ್ಪೆಟ್ ಹತ್ತುವುದಿಲ್ಲ, ನಾವೇ ಎತ್ತಿ ಇಡಬೇಕು. ಅದನ್ನು ಮಾತ್ರ ನೀನು ವಿಡಿಯೋದಲ್ಲಿ ಹೇಳಲಿಲ್ಲ.

ವಿಡಿಯೋ ಮಾಡಿದ ದಿನ ನನ್ನನ್ನು ಟಿಟ್ವಾಳಾಕ್ಕೆ ಕಳಿಸಿದವನು ನೀನೇ. ಮೊದಲ ವಿಡಿಯೋ, ಗಣಪತಿಗೆ ಕೈಮುಗಿದು ಬನ್ನಿ ಅತ್ತೆ ಎಂದು ಹೇಳಿದ್ದೆ. ಲೋಕಲ್ ಟ್ರೈನಿನಲ್ಲಿ ನಿಂತುಕೊಂಡೇ ಹೋಗಿ ನಿನ್ನ ಹೆಸರಿನಲ್ಲಿ ಪೂಜೆ ಮಾಡಿಸಿ ಬಂದೆ. ಪ್ರಸಾದ ಕೊಡಲು ಹೋದರೆ, "ಒಂದು ನಿಮಿಷ ಅತ್ತೆ, ಕೈ ತೊಳೆದು ಬರ್ತೇನೆ" ಎಂದು ನೀನು ಒಳಗೆ ಓಡಿದೆ. ಈಗಿನ ಕಾಲದಲ್ಲಿ ಇಂಥ ಹುಡುಗ ಸಿಗುವುದಿಲ್ಲ ಎಂದುಕೊಂಡು ಬಾಗಿಲಲ್ಲೇ ಕಾದು ನಿಂತಿದ್ದೆ.

ಕೈಗೆ ಏನು ಮೆತ್ತಿತ್ತು ಎಂದು ಈಗ ತಿಳಿಯಿತು.

ಇತಿ,
ಜಯಲತಾ