ಬಿಳಿ ತಿನಿಸಿನ ಹಸಿರು ಚೀಟಿ

ದೇಜಣ್ಣಾ,

ನೀವು ಗಲ್ಫ್ ಬಿಟ್ಟು ಊರಿಗೆ ಹೋಗಿ ಎಂಟು ತಿಂಗಳಾಯಿತು. ಬೈಯುವುದಿದ್ದರೆ ಇದನ್ನು ಪೂರ್ತಿ ಓದಿದ ಮೇಲೆ ಬೈಯಿರಿ.

ರುಸೈಲ್‌ನ ನಮ್ಮ ಕೇಟರಿಂಗ್ ಅಡುಗೆಮನೆಯಲ್ಲಿ ನೀವು ಆ ನೋಟ್‌ಬುಕ್ ತೆರೆದ ದಿನ ನೆನಪಿದೆಯಾ? ಇಂಗ್ಲೆಂಡಿನವರು ನೂರಾರು ವರ್ಷದ ಹಿಂದೆ ತಿಂದು ಮರೆತ ಅಡುಗೆಗಳೆಲ್ಲ ನಿಮ್ಮ ಕೈಬರಹದಲ್ಲಿದ್ದವು. ಮಾಂಸ ತುಂಬಿ ಬೇಯಿಸುವ ಹಿಟ್ಟಿನ ಗೂಡಿಗೆ 'ಕಾಫಿನ್' ಅಂತೆ. ಕೋಳಿಯ ಕಾಲು, ತಲೆ, ಲಿವರ್ ಹಾಕಿದ ಸಾರಿಗೆ 'ಗಾರ್ಬೇಜ್' ಅಂತೆ. "ಶವಪೆಟ್ಟಿಗೆ, ಕಸ! ಊಟಕ್ಕೆ ಕರೆದು ಹೆದರಿಸುವುದಾ ಮಾರಾಯ್ತಿ ಇವರು?" ಅಂದಿರಿ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೆಸರುಗಳನ್ನಷ್ಟೇ ಓದಿದೆ, ಏನೇನು ಹಾಕಬೇಕೆಂದು ಕೆಳಗೆ ಬರೆದಿದ್ದನ್ನು ಓದಲಿಲ್ಲ. ನನ್ನ ಬುದ್ಧಿಗಿಷ್ಟು!

ಮೊನ್ನೆ ಶುಕ್ರವಾರ ಮಧ್ಯಾಹ್ನ ಬರ್ಕಾದ ತೋಟದ ಮನೆಯೊಂದರಲ್ಲಿ ಇಂಗ್ಲಿಷ್ ಸಾಹೇಬರೊಬ್ಬರ ಪಾರ್ಟಿ. ಅವರಿಗೆ ಅದೇ ಹಳೇ ಅಡುಗೆಗಳೇ ಬೇಕಿತ್ತು. ತಿನಿಸುಗಳಿಗೆ ಹೆಸರಿನ ಚೀಟಿ ಬರೆದಿಡುವ ಕೆಲಸ ಎಂದಿನಂತೆ ನನ್ನದು. 'ಬ್ಲಾಂಕ್ ಮಾಂಗ್', ಅಂದರೆ ಬಿಳಿ ತಿನಿಸು. ಅಕ್ಕಿ, ಬಾದಾಮಿ ಹಾಲು, ಮೇಲೆ ಸಕ್ಕರೆ. ನೋಡಲು ಥೇಟ್ ಪಾಯಸ. ಸಸ್ಯಾಹಾರದ ಹಸಿರು ಚೀಟಿ ಅಂಟಿಸಿ ಹಣ್ಣಿನ ಪಕ್ಕ ಇಟ್ಟೆ.

ಅಡುಗೆಯವನು ಬಂದು ನೋಡಿ ಹೌಹಾರಿದ. "ವಿಲ್ಮಕ್ಕಾ, ಇದನ್ನು ವೆಜ್ ಕಡೆ ಯಾಕೆ ಇಟ್ರಿ? ಚಿಕನ್ ಉಂಟಲ್ಲ ಇದರಲ್ಲಿ! ನೂಲಿನ ಹಾಗೆ ಬಿಡಿಸಿ ಹಾಕಿದ್ದೇನೆ." ಅಷ್ಟರಲ್ಲಿ ಒಂದು ತಟ್ಟೆ ಹೋಗಿಯಾಗಿತ್ತು. ಯಾರಿಗೆ ಗೊತ್ತಾ? ಮೈಸೂರಿನ ಸರೋಜಮ್ಮನಿಗೆ. ಸಾಹೇಬರ ಕಂಪನಿಯ ಎಂಜಿನಿಯರೊಬ್ಬರ ತಾಯಿ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವರು.

ಮ್ಯಾನೇಜರ್ ನನ್ನನ್ನು ಬಾಗಿಲ ಹಿಂದೆ ಎಳೆದರು. "ತಿಂದಾಯ್ತಲ್ಲ, ಖಲಾಸ್. ಬಾಯಿ ಬಿಟ್ರೆ ನಾಳೆಯಿಂದ ನಿಮಗೆ ಕೆಲಸ ಇಲ್ಲ, ಹೇಳಿದ್ದೇನೆ."

ಮಗಳ ಶಾಲೆ, ಮನೆ ಬಾಡಿಗೆ ಎಲ್ಲ ಕಣ್ಣೆದುರು ಬಂತು. ನಿಮ್ಮ ಮೇಲೂ ಸಿಟ್ಟು ಬಂತು. ಅಷ್ಟು ನಗಿಸುವ ಬದಲು, ಪೂರ್ತಿ ಓದು ಅಂತ ಒಂದು ಮಾತು ಗದರಿಸಿ ಹೇಳಬಾರದಿತ್ತಾ? ನಾನು ಸುಮ್ಮನಿದ್ದಿದ್ದರೆ ಆ ಅಮ್ಮನಿಗೆ ಯಾವತ್ತಾದರೂ ಗೊತ್ತಾಗಿದ್ದರೆ...

ಹೋದೆ. ಅವರ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಅಮ್ಮಾ, ತಪ್ಪಾಗಿದೆ. ಇದರಲ್ಲಿ ಕೋಳಿ ಉಂಟು. ಚೀಟಿ ಹಾಕಿದ್ದು ನಾನೇ" ಅಂದೆ.

ಅವರು ತಟ್ಟೆ ಕೆಳಗಿಟ್ಟರು. ಆಮೇಲೆ ಮಡಿಲಲ್ಲಿದ್ದ ಟಿಶ್ಯೂ ಬಿಚ್ಚಿ ತೋರಿಸಿದರು. ಉಗಿದ ತುತ್ತು ಅದರಲ್ಲಿತ್ತು. "ಒಂದು ಚಮಚ ಒಳಗೆ ಹೋಗೇಬಿಡ್ತು ಕಣಮ್ಮ. ಎರಡನೇದರಲ್ಲಿ ನಾರು ಸಿಕ್ತು. ಯಾರಾದ್ರೂ ಬಂದು ಹೇಳ್ತಾರೇನೋ ಅಂತ ಕಾಯ್ತಾ ಕೂತಿದ್ದೆ." ಅವರ ಕಣ್ಣು ತುಂಬಿತ್ತು. ನನಗೂ ತಡೆಯಲಾಗಲಿಲ್ಲ.

ಕೆಲಸ ಹೋಯಿತು, ದೇಜಣ್ಣ. ಮ್ಯಾನೇಜರ್ ಹೇಳಿದಂತೆಯೇ ಮಾಡಿದರು. ಬೇರೆ ಕಡೆ ಹುಡುಕುತ್ತಿದ್ದೇನೆ, ಇನ್ನೂ ಎಲ್ಲೂ ಸಿಕ್ಕಿಲ್ಲ. ಹೆದರಿಕೆ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಇವತ್ತು ಬೆಳಿಗ್ಗೆ ಸರೋಜಮ್ಮ ಫೋನ್ ಮಾಡಿದ್ದರು. "ಬರೋ ಶುಕ್ರವಾರ ಮಗಳನ್ನೂ ಕರ್ಕೊಂಡು ನಮ್ಮನೆಗೆ ಊಟಕ್ಕೆ ಬಾ. ನಾನೇ ಅಡುಗೆ ಮಾಡ್ತೀನಿ. ಬೇಗ ಬಂದು ಅಡುಗೆಮನೆಯಲ್ಲೇ ಕೂತ್ಕೋ. ಏನೇನು ಹಾಕ್ತೀನೋ ಎಲ್ಲ ನೋಡು, ಆಮೇಲೆ ತಿನ್ನು" ಅಂದರು.

ನಿಮ್ಮ
ವಿಲ್ಮಾ